ಸಂತೋಷ ಖಾತೆ ನನ್ನದಲ್ಲ!

(ಮಿದುಳಿನ ಸಂಪುಟದ ಬಹುಚರ್ಚಿತ ಸಚಿವ, ‘ಸಂತೋಷದ ರಾಸಾಯನಿಕ’ ಎನಿಸಿಕೊಂಡ ಸೆರೊಟೋನಿನ್ ಅವರೊಂದಿಗೆ ಮಾತುಕತೆ)

ಸಾರ್, ಸಂತೋಷ ಖಾತೆ ಹೇಗೆ ನಡೀತಿದೆ?

ಆ ಖಾತೆ ಹಂಚಿದವರು ನೀವು, ಪತ್ರಿಕೆಯವರು! 1948ರಲ್ಲಿ ಕ್ಲೀವ್‌ಲೆಂಡ್‌ನಲ್ಲಿ ನನ್ನನ್ನು ರಕ್ತದಿಂದ ಬೇರ್ಪಡಿಸಿದವರು ಹುಡುಕುತ್ತಿದ್ದದ್ದು ರಕ್ತನಾಳ ಬಿಗಿಯುವ ವಸ್ತುವನ್ನು. ಮಿದುಳಿನಲ್ಲೂ ನಾನಿದ್ದೇನೆಂದು ವಿಜ್ಞಾನಿ ಬೆಟ್ಟಿ ಟ್ವಾರಾಗ್ ತೋರಿಸಿದ್ದು ಆಮೇಲೆ.

ಆದರೂ ನಿಮ್ಮ ಸ್ವಕ್ಷೇತ್ರ ಮಿದುಳೇ ತಾನೆ?

ಹೊಟ್ಟೆ! ಶೇ. 90ರಷ್ಟು ನಾನು ತಯಾರಾಗುವುದು ಕರುಳಿನಲ್ಲಿ. ತಿಂದದ್ದನ್ನು ಮುಂದಕ್ಕೆ ತಳ್ಳಿಸುವುದು ಅಲ್ಲಿನ ಕೆಲಸ. ಮಿದುಳಿಗೆ ಬೇಕಾದದ್ದು ಮಿದುಳಲ್ಲೇ ತಯಾರಾಗಬೇಕು. ಕರುಳಿನಿಂದ ಅಲ್ಲಿಗೆ ವರ್ಗಾವಣೆ ಇಲ್ಲ.

ಹಾಗಾದರೆ ನೀವು ಸಿಗುತ್ತೀರೆಂದು ನಾನು ದಿನಾ ತಿನ್ನುವ ಬಾಳೆಹಣ್ಣು?

ಅದರಲ್ಲಿ ನಾನಿರುವುದು ನಿಜ. ಆದರೆ ರಕ್ತದಿಂದ ಮಿದುಳಿಗೆ ಹೋಗುವ ಗಡಿಯಲ್ಲಿ ನನ್ನನ್ನು ಬಿಡುವುದಿಲ್ಲ. ನನ್ನ ಕಚ್ಚಾವಸ್ತು ಟ್ರಿಪ್ಟೊಫ್ಯಾನ್‌ಗೆ ಪ್ರವೇಶವಿದೆ, ಅದೂ ಬೇರೆ ಅಮೈನೋ ಆಮ್ಲಗಳ ನೂಕುನುಗ್ಗಲಿನಲ್ಲಿ.

ನಮ್ಮ ಯೋಚನೆಯಲ್ಲಿ ನಿಮ್ಮ ಕೈವಾಡ ಏನೂ ಇಲ್ಲವೇ?

ಇಲ್ಲದೆ ಏನು! 2008ರಲ್ಲಿ ಪ್ರಕಟವಾದ ಕೇಂಬ್ರಿಜ್‌ನ ಪ್ರಯೋಗವೊಂದರಲ್ಲಿ ಕೆಲವರ ಟ್ರಿಪ್ಟೊಫ್ಯಾನ್ ಇಳಿಸಿ ಹಣ ಹಂಚುವ ಆಟ ಆಡಿಸಿದರು. ಒಬ್ಬ ಪಾಲು ಮಾಡುತ್ತಾನೆ, ಇನ್ನೊಬ್ಬ ಒಪ್ಪಬೇಕು; ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ನಾನು ಕಡಿಮೆಯಾದಾಗ, ತೀರಾ ಸಣ್ಣ ಪಾಲು ಬಂದರೆ ‘ನನಗೂ ಬೇಡ, ನಿನಗೂ ಬೇಡ’ ಎನ್ನುವುದು ಹೆಚ್ಚಾಯಿತು. ಅವರಿಗೇನೂ ಬೇಸರ ಹತ್ತಿರಲಿಲ್ಲ. ಯಾವುದು ಅನ್ಯಾಯ ಎಂಬ ಅಂದಾಜೂ ಬದಲಾಗಿರಲಿಲ್ಲ. ಬದಲಾದದ್ದು ಸೈರಣೆ.

ಅಂದರೆ ನಮ್ಮ ಮನೆಯ ಆಸ್ತಿ ಜಗಳಕ್ಕೂ ನೀವೇ ಕಾರಣ!

ನೋಡಿ, ಶುರುವಾಯಿತು! ನಿಮ್ಮ ದೊಡ್ಡಪ್ಪ ರಾತ್ರೋರಾತ್ರಿ ಗಡಿಕಲ್ಲು ಕಿತ್ತಿಟ್ಟರೆ ಅದಕ್ಕೂ ನನ್ನ ರಾಜೀನಾಮೆಯೇ?

ಖಿನ್ನತೆಗೆ ನಿಮ್ಮ ಕೊರತೆಯೇ ಕಾರಣ ಅಂತಾರೆ?

ಅದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲವೆಂದು 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಜಾಲಾಡಿದವರು ಬರೆದರು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆ ನರಕೋಶದೊಳಕ್ಕೆ ನನ್ನ ವಾಪಸಾತಿಗೆ ತಡೆಯೊಡ್ಡುವುದು ಗಂಟೆಗಳಲ್ಲಿ. ಗುಣ ಕಾಣುವುದು ವಾರಗಳಲ್ಲಿ. ಬರೀ ಕೊರತೆ ತುಂಬುವ ಲೆಕ್ಕವಾಗಿದ್ದರೆ ಇಷ್ಟು ತಡವೇಕೆ? ಹಾಗಂತ ಮಾತ್ರೆ ಸುಳ್ಳಲ್ಲ, ಎಷ್ಟೋ ಜನರಿಗೆ ನಾಟುತ್ತದೆ. ಡಾಕ್ಟರನ್ನು ಕೇಳದೆ ಬಿಡಬೇಡಿ.

ಕೊನೆಯದಾಗಿ, ಈಗ ನನ್ನಲ್ಲಿ ನಿಮ್ಮ ಮಟ್ಟ ಎಷ್ಟಿದೆ ಹೇಳಿ ಸಾರ್. ನಾಳೆ ರಜೆ ಬೇಕಿತ್ತು.

ಮಿದುಳಿನ ಲೆಕ್ಕ ಲ್ಯಾಬಿನ ರಕ್ತಪರೀಕ್ಷೆಗೆ ಸಿಗುವುದಿಲ್ಲ. ಅರ್ಜಿಯಲ್ಲಿ ‘ಜ್ವರ’ ಅಂತಲೇ ಬರೆಯಿರಿ. ಅದಕ್ಕೆ ಥರ್ಮಾಮೀಟರಾದರೂ ಇದೆ.