ಫಿಯೆಟ್ ಮೀಮಾಂಸೆ: ಒಂದು ಅಂತರ್‌ಶಿಸ್ತೀಯ ಅನುಸಂಧಾನ

ಹಳೆಯ, ಅಗ್ಗದ ಇಟಲಿ ಕಾರೊಂದನ್ನು ಹೊಂದಿರುವಿಕೆಯ ಅಸ್ತಿತ್ವವಾದೀ ನೆಲೆಗಳನ್ನು ದೇಸಿ ಪರಿಪ್ರೇಕ್ಷ್ಯದಲ್ಲಿ ಮರು-ಓದಿಗೆ ಒಳಪಡಿಸುವ ವಿನಮ್ರ ಯತ್ನವೇ ಪ್ರಸ್ತುತ ಪ್ರಬಂಧವಾಗಿರುತ್ತದೆ. ಆಲ್ಫಾ ರೋಮಿಯೋ, ಲಾನ್ಸಿಯಾಗಳು ಅಧ್ಯಯನದ ವ್ಯಾಪ್ತಿಯಲ್ಲಿಲ್ಲ. ಕಾರಣ ತಾತ್ವಿಕವಾದುದೇನಲ್ಲ, ಅವು ನಮ್ಮ ಬೀದಿಗೆ ಬಂದದ್ದೇ ಅಪರೂಪ. ಆದಕಾರಣ ಇಲ್ಲಿ ಇಟಲಿ ಎಂದರೆ ಫಿಯೆಟ್.

ಫಿಯೆಟ್-ಸ್ವಾಮ್ಯವನ್ನು ಒಂಬತ್ತು ಬಗೆಯಾಗಿ ವರ್ಗೀಕರಿಸಿದ್ದೇನೆ. ರಸಗಳು ಒಂಬತ್ತಿರುವುದರಿಂದ ಬೇರೆ ಸಮರ್ಥನೆ ಬೇಕಿಲ್ಲ.

ಮೊದಲನೆಯದು ಪಿತ್ರಾರ್ಜಿತ ಸ್ವಾಮ್ಯ. ಇದರ ಆಲಂಬನ ವಿಭಾವ ಅಪ್ಪನ ಪದ್ಮಿನಿ: ಮುಂಬೈಯ ಕುರ್ಲಾದಲ್ಲಿ ತಯಾರಾಗಿ, 1974ರಲ್ಲಿ ಚಿತ್ತೋರಿನ ರಾಣಿಯ ಹೆಸರು ಹೊತ್ತ ಫಿಯೆಟ್ 1100, 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್. ಉದ್ದೀಪನ ವಿಭಾವ, ಧನುರ್ಮಾಸದ ಬೆಳಗಿನಲ್ಲಿ ಚೋಕ್ ಎಳೆದರೂ ಸ್ಟಾರ್ಟ್ ಆಗದಿರುವುದು. ಅನುಭಾವ, ಮನೆಮಂದಿಯೆಲ್ಲ ಹಿಂದೆ ನಿಂತು ತಳ್ಳುವುದು. ಪಕ್ಕದ ಮನೆಯವರೂ ಕೈಹಚ್ಚಿದರೆ ಸಾಧಾರಣೀಕರಣ. ಸಂಚಾರಿ ಭಾವವು ಕಾರು ಸಂಚರಿಸಿದರೆ ಮಾತ್ರ ಸಿದ್ಧಿಸುತ್ತದೆ.

ಎರಡನೆಯದು ಪರಕಾಯ ಸ್ವಾಮ್ಯ. ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್ ತನ್ನದೇ ಮನೆಯ ಪುಂಟೋ, ಲಿನಿಯಾಗಳಲ್ಲಿ ಇದ್ದಂತೆಯೇ ಬೇರೆ ಕಂಪನಿಗಳ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾಗಳ ದೇಹವನ್ನೂ ಪ್ರವೇಶಿಸಿತು. ಅದ್ವೈತದ ಹೊಸ ಸಾಧ್ಯತೆಗಳನ್ನು ಇದು ಮುನ್ನೆಲೆಗೆ ತರುತ್ತದೆಯಾದರೂ... ಈ ಭಾಷೆ ಸಾಕು. ಮೂರನೆಯದರಿಂದ ಒಂಬತ್ತನೆಯದರವರೆಗೆ ಯಾರಾದರೂ ಪಿಎಚ್‌ಡಿ ಮಾಡಿಕೊಳ್ಳಲಿ.

ವಿಷಯ ಇಷ್ಟೇ. "ಫಿಯೆಟ್ಟಾ? ರೀಸೇಲ್ ಇಲ್ಲ ಕಣ್ರೀ" ಎಂದು ಮದುವೆಮನೆಯ ಪಂಕ್ತಿಯಲ್ಲಿ ಕೂತು ತೀರ್ಪು ಕೊಟ್ಟವರು ಎದ್ದುಹೋಗಿ ಕೊಂಡದ್ದು ಅದೇ ಎಂಜಿನ್ನನ್ನು, ಬೇರೆ ಲೋಗೋ ಅಂಟಿಸಿದ್ದನ್ನು. ಹತ್ತು ವರ್ಷ ಓಡಿಸುವ ಕಾರನ್ನು, ಹನ್ನೊಂದನೇ ವರ್ಷ ಬರುವ ಗುರುತಿಲ್ಲದವನ ಮೆಚ್ಚುಗೆಗಾಗಿ ಆರಿಸುವುದು ಎಂಥ ಜಾಣತನ? ಇನ್ನೊಂದು ಕಡೆ, "ಇಟಲಿ ಕಾರಿಗೆ ಆತ್ಮ ಇದೆ" ಎಂದು ಕಣ್ಣುಮುಚ್ಚುವ ರಸಿಕರು. ಆತ್ಮವಲ್ಲ ಸ್ವಾಮಿ, ಸಸ್ಪೆನ್ಷನ್. ಹಳ್ಳಕ್ಕೆ ಇಳಿದೆದ್ದರೂ ಮೈ ಅದುರದಂತೆ, ತಿರುವಿನಲ್ಲಿ ಚಕ್ರದ ಹಿಡಿತ ಅಂಗೈಗೇ ತಿಳಿಯುವಂತೆ ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಜೂಜಾರೋನಂಥ ವಿನ್ಯಾಸಕ ಗೆರೆ ಎಳೆದ ಪುಂಟೋ ಇವತ್ತು ಒಂದು ಒಳ್ಳೆಯ ಬೈಕಿನ ದುಡ್ಡಿಗೆ ಸಿಗುತ್ತದೆ. ರೀಸೇಲ್ ಇಲ್ಲದಿರುವುದೇ ನಮ್ಮಂಥವರ ಪುಣ್ಯ.

ಪುಣ್ಯವೆಂದೆ, ಅದೂ ತೀರುತ್ತಿದೆ. 2020ರ ಬಿಎಸ್-6 ನಿಯಮದ ಹೊತ್ತಿಗೆ ಆ ಮಲ್ಟಿಜೆಟ್ ಎಂಜಿನ್ನಿನ ಕಾಲ ಇಲ್ಲಿ ಮುಗಿಯಿತು. 2023ರ ಅಕ್ಟೋಬರಿನಲ್ಲಿ, ಇಪ್ಪತ್ತು ವರ್ಷದ ವಯೋಮಿತಿ ತುಂಬಿ, ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತ ಕಿವಿಯಲ್ಲೇ ಟ್ಯೂನಿಂಗ್ ಹಿಡಿಯುತ್ತಿದ್ದ ಮೇಸ್ತ್ರಿಗಳಿಗೆ ಈಗ ಕೆಲಸ ಹೇಳುವವರೇ ಇಲ್ಲ. ಅವರ ಮಕ್ಕಳು ಲ್ಯಾಪ್‌ಟಾಪ್ ಚುಚ್ಚಿ ದೋಷ ಓದುತ್ತಾರೆ. ತಪ್ಪೇನಿಲ್ಲ, ಆದರೆ ಪದ್ಮಿನಿಗೆ ಚುಚ್ಚುವ ಜಾಗವೇ ಇಲ್ಲ.

ಬಿಡಿಭಾಗಗಳ ಜ್ಞಾನಮೀಮಾಂಸೆಗೆ ಬರೋಣ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪುಂಟೋ ಎಂಜಿನ್ನಿನ ಸಾಮಾನು ಬೇಕಾದರೆ ಪುಂಟೋ ಎನ್ನಬಾರದು, "ಸ್ವಿಫ್ಟ್ ಡೀಸೆಲ್‌ದು ಕೊಡಿ" ಎನ್ನಬೇಕು. ಹೆಡ್‌ಲೈಟಿಗೆ ಮಾತ್ರ ಈ ಉಪಾಯ ನಡೆಯದು. ಅದಕ್ಕೆ ಶಿವಾಜಿನಗರದ ಗುಜರಿಯಲ್ಲಿ ಫೋನ್ ನಂಬರು ಕೊಟ್ಟು, ಯಾರದಾದರೂ ಪುಂಟೋ ಹಿಂದಿನಿಂದ ಗುದ್ದಿಸಿಕೊಳ್ಳಲಿ, ಮುಂದಿನ ದೀಪ ಉಳಿಯಲಿ ಎಂದು ಕಾಯಬೇಕು.