ಹೈವೇ 163ರಲ್ಲಿ ನನ್ನ ಓಟ

ಹೊಸ ಮದುವೆ, ಕ್ಯಾಲಿಫೋರ್ನಿಯಾದಲ್ಲಿ ಕೆಲಸ, ಜೇಬಲ್ಲಿ ಕ್ರೆಡಿಟ್ ಕಾರ್ಡು. ತಲೆ ಕೆಡಲು ಇಷ್ಟು ಸಾಲದೇ? ಸಾಲದ್ದಕ್ಕೆ ಇಬ್ಬರಿಗೂ ಹಾಲಿವುಡ್ಡಿನ ರೋಡ್ ಮೂವಿಗಳ ಹುಚ್ಚು. ‘ಈಸಿ ರೈಡರ್’ ನೋಡಿ ನಾನು ಕೂದಲು ಬಿಟ್ಟಿದ್ದೆ. ‘ಥೆಲ್ಮಾ ಅಂಡ್ ಲೂಯಿಸ್’ ನೋಡಿ ಹೆಂಡತಿ ತಲೆಗೆ ಕಟ್ಟುವ ಸ್ಕಾರ್ಫು ಕೊಂಡಿದ್ದಳು. ಅದರ ಕೊನೆಯಲ್ಲಿ ಕಾರು ಪ್ರಪಾತಕ್ಕೆ ಹಾರುವುದನ್ನು ಜಾಣತನದಿಂದ ಮರೆತು, ಟಾಪು ಮಡಚುವ ಮಸ್ಟಾಂಗ್ ಬಾಡಿಗೆಗೆ ಹಿಡಿದು ಯೂಟಾ ಕಡೆ ಹೊರಟೆವು. ಡಿಕ್ಕಿಯಲ್ಲಿ ಜಾಗ ಸಾಲದೆ ಅನ್ನದ ಕುಕ್ಕರು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿತು. ಜುಲೈ ಬಿಸಿಲಿಗೆ ಟಾಪು ಬೇಗನೆ ಮುಚ್ಚಿತು. ‘ಈಸಿ ರೈಡರ್’ನ ಪೀಟರ್ ಫೊಂಡಾನಿಗೆ ಸೆಖೆಯೇ ಆಗಲಿಲ್ಲವೋ ಏನೋ!

ನನ್ನ ಕಣ್ಣೆಲ್ಲ ಇದ್ದದ್ದು ಹೈವೇ 163ರ 13ನೇ ಮೈಲಿಗಲ್ಲಿನ ಮೇಲೆ. 1994ರ ‘ಫಾರೆಸ್ಟ್ ಗಂಪ್’ನಲ್ಲಿ ಟಾಮ್ ಹ್ಯಾಂಕ್ಸ್ ದೇಶವೆಲ್ಲ ಓಡಿ ಓಡಿ ಥಟ್ಟನೆ ನಿಂತುಬಿಡುವ ಜಾಗ ಅದು. ಬೆನ್ನ ಹಿಂದೆ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳು. ನಾನು ಓಡಿ ಬಂದು ನಿಲ್ಲಬೇಕು, ಅವಳು ಮೊಬೈಲಿನಲ್ಲಿ ಹಿಡಿಯಬೇಕು. ಇಳಿಜಾರಿನಲ್ಲಿ ಕೆಳಗಿಳಿದು, ಏರು ಹತ್ತುತ್ತಾ ಓಡಿ ಬಂದೆ. ಲಾರಿ ಅಡ್ಡ ಬಂತು. ಮತ್ತೆ ಇಳಿದೆ. “ಹೊಟ್ಟೆ ಒಳಗೆ ಎಳ್ಕೊಳೋ!” ಎಂದಳು. ಹೊಟ್ಟೆ ಎಳೆದುಕೊಂಡರೆ ಉಸಿರಿಲ್ಲ, ಉಸಿರು ಬಿಟ್ಟರೆ ಹೊಟ್ಟೆ. ಹೇಗೋ ಓಡಿ ಮುಗಿಸಿ ನೋಡಿದರೆ, ನಾನು ಓಡುವಾಗ ವಿಡಿಯೋ ನಿಂತಿದೆ. ನಾನು ನಿಂತು ಏದುಸಿರು ಬಿಡುವಾಗ ಓಡಿದೆ!

ಕೊನೆಗೂ ಒಂದು ವಿಡಿಯೋ ಸಿಕ್ಕಿತು. ಸಿನಿಮಾದವರ ಉದ್ದನೆಯ ಲೆನ್ಸು ಬಂಡೆಗಳನ್ನು ನಟನ ಹೆಗಲಿಗೇ ತಂದು ನಿಲ್ಲಿಸುತ್ತದೆ. ನಮ್ಮ ಮೊಬೈಲು ಅವನ್ನು ಉಗುರಿನಷ್ಟು ಮಾಡಿತ್ತು. ನಾನೋ, ತಿಪಟೂರಿನ ಕೊನೆ ಬಸ್ಸು ತಪ್ಪಿಸಿಕೊಂಡವನಂತಿದ್ದೆ. ಅಷ್ಟಕ್ಕೂ ಆ ಚಿತ್ರದ ಎಷ್ಟೋ ಕಡೆ ಟಾಮ್ ಹ್ಯಾಂಕ್ಸ್ ಬದಲು ಓಡಿದವನು ಅವನ ತಮ್ಮ ಜಿಮ್. ನನ್ನ ತಮ್ಮ ಕೊಬ್ಬರಿ ವ್ಯಾಪಾರ ಬಿಟ್ಟು ಓಡಲು ಬರುತ್ತಾನೆಯೇ?

ಅಷ್ಟರಲ್ಲಿ ಇನ್ನೊಂದು ಜೋಡಿ ರಸ್ತೆ ನಡುವೆ ಅಂಗಾತ ಮಲಗಿ, ನಮಗೆ ಪಕ್ಕಕ್ಕೆ ಸರಿಯಿರಿ ಎಂದಿತು. ಏನು ಜನವಪ್ಪಾ, ಹೈವೇಯಲ್ಲಿ ಮಲಗುವುದೇ? ನಡುರಸ್ತೆಯಲ್ಲಿ ನಿಂತೇ ಬೈದುಕೊಂಡೆ.

ಪಕ್ಕದಲ್ಲಿ ಮಣಿಸರ ಮಾರುತ್ತಿದ್ದ ಮೂಲನಿವಾಸಿ ನವಾಹೋ ಬುಡಕಟ್ಟಿನ ಅಜ್ಜಿ ನಮ್ಮತ್ತ ತಿರುಗಿಯೂ ನೋಡಲಿಲ್ಲ. ಆಕೆಯ ಜನ ಇದಕ್ಕಿಂತ ದೊಡ್ಡ ನಾಟಕ ಕಂಡವರು. ನಿರ್ದೇಶಕ ಜಾನ್ ಫೋರ್ಡ್ 1939ರ ‘ಸ್ಟೇಜ್‌ಕೋಚ್’ಗೆ ಈ ಕಣಿವೆಗೆ ಬಂದಾಗ ನವಾಹೋಗಳಿಗೇ ಇನ್ನೊಂದು ಬುಡಕಟ್ಟಾದ ಅಪಾಚೆಗಳ ವೇಷ ಹಾಕಿಸಿದ. ತಮ್ಮ ನೆಲದಲ್ಲೇ ಇನ್ನೊಬ್ಬರಾಗಿ, ಗುಂಡೇಟು ತಿಂದು ಕುದುರೆಯಿಂದ ಬೀಳುವುದು ಅವರ ಪಾಲಿನ ಕೆಲಸ. ಅಂಥ ಚಿತ್ರಗಳಿಗೆ ಸಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ.

ಸರ ಕೊಂಡು ಮೋಆಬ್ ಊರಿಗೆ ಹೋದೆವು. ಥೆಲ್ಮಾ, ಲೂಯಿಸ್ ಹಾರಿದ್ದು ಕಥೆಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿಗೆ. ಶೂಟಿಂಗ್ ಆದದ್ದು ಇಲ್ಲಿನ ಡೆಡ್ ಹಾರ್ಸ್ ಪಾಯಿಂಟ್ ಹತ್ತಿರ. ನನ್ನವಳು ಪ್ರಪಾತ ಇಣುಕಿ, “ಬಾಡಿಗೆ ಕಾರು, ಡೆಪಾಸಿಟ್ ಹೋಗತ್ತೆ” ಎಂದು ಹಿಂದೆ ಸರಿದಳು.

ನೀವು ಹೋದರೆ ಫೋಟೋಕ್ಕೆ ರಸ್ತೆಬದಿಯಲ್ಲೇ ನಿಲ್ಲಿ. ಅಲ್ಲಿನ ಲಾರಿ ಡ್ರೈವರುಗಳು ಯಾರೂ ನಮ್ಮ ಸಿನಿಮಾದಲ್ಲಿ ಪಾರ್ಟು ಮಾಡುತ್ತಿಲ್ಲ.