ಹೆಸರು ಬಲ್ಲವರು

ವಿಜಯಪುರದ ಹೊಸ ಬಡಾವಣೆಗಳಲ್ಲಿ ಓಣಿಗೊಬ್ಬರಂತೆ ಸಿಗುವ, ನೌಕರಿಯಿಂದ ನಿವೃತ್ತರಾಗಿ ಟಿಕೋಟಾ ಅಥವಾ ಬಬಲೇಶ್ವರ ಕಡೆಯ ದ್ರಾಕ್ಷಿ ತೋಟವನ್ನು ಮಗನಿಗೆ ವಹಿಸಿ ಬಂದ ಹಿರಿಯರನ್ನು ನೆರೆಹೊರೆಯವರು ಗೌರವದಿಂದ ‘ಸರ್’ ಎನ್ನುತ್ತಾರೆ. ಇವರು ಸಕ್ಕರೆ ಇಲ್ಲದ ಚಹಾವನ್ನು ಸಹಿಸಬಲ್ಲರಾದರೂ ಹೆಸರಿಲ್ಲದ ಗಿಡವನ್ನು ಸಹಿಸಲಾರರು. ಪರರ ಕಂಪೌಂಡಿನೊಳಗಿನ ಗಿಡವಾದರಂತೂ ಅದಕ್ಕೆ ನಾಮಕರಣ ಮಾಡದೆ ಇವರ ಬೆಳಗಿನ ವಾಯುವಿಹಾರ ಮುಗಿಯುವುದಿಲ್ಲ.

ಇಂಥವರ ಪಾಂಡಿತ್ಯ ಒರೆಗೆ ಬರುವುದು ಮಿರಗದ ಮಳೆ, ಅಂದರೆ ಜೂನ್ ತಿಂಗಳ ಮೃಗಶಿರಾ ನಕ್ಷತ್ರದ ಮಳೆ, ಎರಿ ಮಣ್ಣನ್ನು ನೆನೆಸಿದ ನಾಲ್ಕಾರು ದಿನಗಳಲ್ಲಿ. ಬೇಸಿಗೆಯಲ್ಲಿ ಒಣಗಿ ಮರೆತುಹೋಗಿದ್ದ ಕುಂಡದಿಂದ, ಯಾರು ನೆಟ್ಟರೆಂಬುದೇ ಯಾರಿಗೂ ನೆನಪಿಲ್ಲದ ಗುಲಾಬಿ ಬಣ್ಣದ ಹೂವುಗಳು ರಾತ್ರೋರಾತ್ರಿ ಎದ್ದು ನಿಲ್ಲುತ್ತವೆ. ಟೊಳ್ಳು ದಂಟಿಗೆ ಒಂದೇ ಹೂವು, ಆರು ಎಸಳು, ನಡುವೆ ಹಳದಿ ಪರಾಗ ಹೊತ್ತ ಆರು ಕೇಸರಗಳು, ತುದಿಯಲ್ಲಿ ಮೂರಾಗಿ ಸೀಳಿದ ಶಲಾಕೆ. ಸರ್ ಇಷ್ಟೆಲ್ಲ ಎಣಿಸುವುದಿಲ್ಲ, ಎಣಿಸುವುದು ಸಂಶಯವುಳ್ಳವರ ಕೆಲಸ.

“ಕೇಸರಿ ಐತ್ರೀ ಇದು, ಕಾಶ್ಮೀರದಾಗ ಬೆಳೀತೈತಲ್ಲ, ಅದ! ಒಂದ ಗ್ರಾಮಿಗೆ ಏನ್ ರೇಟ್ ಐತಿ ಗೊತ್ತೇನ್ರೀ ಅಕ್ಕಾರ?”

ಈ ಮಾತು ಓಣಿಯಲ್ಲಿ ಹಬ್ಬುವ ಬಗೆಯನ್ನು ತಿಳಿಯಲು ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನು ನೆನೆದರೆ ಸಾಕು: ಒಮ್ಮೆ ಆಡಿದ್ದು ಏಳು ಬಾಯಿಗಳಿಂದ ಮರಳಿ ಬರುತ್ತದೆ, ಆಡಿದವರೇ ಅದನ್ನು ಏಳು ಸಾಕ್ಷಿಗಳೆಂದು ಭಾವಿಸುತ್ತಾರೆ. ಕೇಸರಿ ಹೂವಿಗೆ ಕೇಸರಗಳು ಮೂರೇ ಎಂದು ಯಾರಾದರೂ ಹೇಳುವ ಹೊತ್ತಿಗೆ ಅಕ್ಕಾರು ಶಿರಾದ ಮೇಲೆ ಉದುರಿಸಲೆಂದು ಎರಡು ಹೂವು ಕಿತ್ತು ಕೇಸರಗಳನ್ನು ಬಟ್ಟಲಿಗೆ ಹಾಕಿರುತ್ತಾರೆ. ಶಿರಾ ಉಳಿದದ್ದು ಮೊಮ್ಮಗನ ಮೊಬೈಲಿನಿಂದ. ಅವನು ಫೋಟೋ ತೆಗೆದು, ಇದು ಮಳೆ ಲಿಲ್ಲಿ, ಶಾಸ್ತ್ರೀಯವಾಗಿ ಜೆಫಿರಾಂಥಿಸ್, ಗಡ್ಡೆ ವಿಷಕಾರಿ ಎಂದು ಓದಿ ಹೇಳುತ್ತಾನೆ.

“ಫೋನ ಇಂಗ್ಲಿಷಿನ್ಯಾಗ ಹೇಳತೈತಿ, ನಾ ಕನ್ನಡದಾಗ ಹೇಳೀನಿ, ಅಷ್ಟ ಫರಕ,” ಎಂದು ಸರ್ ಚಹಾದ ಬಸಿಯನ್ನು ಕೆಳಗಿಡುತ್ತಾರೆ.

ವಿಲಿಯಂ ಹರ್ಬರ್ಟ್ 1821ರಲ್ಲಿ ಕೊಟ್ಟ ಜೆಫಿರಾಂಥಿಸ್ ಎಂಬ ಹೆಸರಿಗೆ ಗ್ರೀಕಿನಲ್ಲಿ ಪಡುವಣ ಗಾಳಿಯ ಹೂವೆಂದು ಅರ್ಥ. ಗಿಡದ ತವರು ಅಮೆರಿಕ ಖಂಡವಾದರೂ ಪಡುವಣದಿಂದಲೇ ಮಳೆ ಕಾಯುವ ವಿಜಯಪುರಕ್ಕೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಬಹುವಾರ್ಷಿಕ, ಅಂದರೆ ವರ್ಷವರ್ಷವೂ ಬಾಳುವ ಈ ಸಸ್ಯದ ಜೀವವೆಲ್ಲ ಮಣ್ಣಿನೊಳಗಿನ ಗಡ್ಡೆಯಲ್ಲಿರುವುದರಿಂದ ಅದು ಬರಗಾಲಕ್ಕೆ ಅಂಜುವುದಿಲ್ಲ. ಊರುಗಳೂ ಸರ್ ಅವರಂತೆಯೇ ಹೆಸರಿಡುತ್ತವೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು: ಆಫ್ರಿಕಾದ ಬಾವೊಬಾಬ್ ಸವಣೂರಿನಲ್ಲಿ ದೊಡ್ಡ ಹುಣಸೆಯಾಗಿದೆ, ಹುಣಸೆಗೂ ಅದಕ್ಕೂ ಯಾವ ಕುಲಸಂಬಂಧವೂ ಇಲ್ಲದಿದ್ದರೂ.

ಈ ಚರ್ಚೆಯ ನಡುವೆ, ಕಟ್ಟೆಯ ಮೇಲೆ ಕುಳಿತ ಮನೆಯ ಆಯಿ ಎಲೆಯೊಂದನ್ನು ಚಿವುಟಿ, ಬೆರಳಲ್ಲಿ ಹಿಸುಕಿ, ಮೂಗಿಗೆ ಹಿಡಿಯುತ್ತಾಳೆ. “ಉಳ್ಳಾಗಡ್ಡಿ ಬೀಗತಿ ಇದ್ದಂಗ ಐತಿ, ಆದರ ವಾಸನಿ ಇಲ್ಲ.” ಸರ್ ಗಟ್ಟಿಯಾಗಿ ನಗುತ್ತಾರೆ. ಆದರೆ ವರ್ಗೀಕರಣಶಾಸ್ತ್ರ, ಅಂದರೆ ಜೀವಿಗಳ ನಂಟಸ್ತನವನ್ನು ಗೊತ್ತುಮಾಡುವ ವಿದ್ಯೆ, 2009ರಲ್ಲಿ ಉಳ್ಳಾಗಡ್ಡಿ–ಬಳ್ಳೊಳ್ಳಿಗಳ ಕುಟುಂಬವನ್ನು ಮಳೆ ಲಿಲ್ಲಿಯ ಅಮರಿಲಿಡೇಸಿ ಕುಟುಂಬದೊಳಕ್ಕೆ ಸೇರಿಸಿಕೊಂಡಿತು. ಬೀಗತನ ಅಂದೇ ಕುದುರಿತ್ತು, ಆಯಿಗೆ ಕರೆಯೋಲೆ ಬಂದಿರಲಿಲ್ಲ ಅಷ್ಟೆ.

ಹೂವು ಒಂದೆರಡು ದಿನಗಳಲ್ಲಿ ಬಾಡುತ್ತದೆ. ಮುಂದಿನ ವಾರ ಸರ್ ಅದೇ ಕುಂಡದ ಮುಂದೆ ನಿಂತು, ಹೂವಿಲ್ಲದ ಹಸಿರು ಎಲೆಗಳನ್ನು ಕೈಗೋಲಿನಿಂದ ತೋರಿಸಿ, ಅನುಕಂಪದ ದನಿಯಲ್ಲಿ ಅಕ್ಕಾರನ್ನು ಎಚ್ಚರಿಸುತ್ತಾರೆ: “ಜೇಕ ಎದ್ದೈತ್ರೀ ಇಲ್ಲಿ. ಕಿತ್ತ ಒಗೀರಿ, ನಿಮ್ಮ ಕೇಸರಿಗೆ ಜಾಗಾ ಆಗತೈತಿ.”